ಮೈಕಿನಲ್ಲಿ ಕೂಗಿದ ಆಯೇರಿ

ಮೊನ್ನೆ ಚೌಡಾಪುರದ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ರಸ್ತೆ ಪಕ್ಕದ ಹೊಲದಲ್ಲಿ ಯಾರೋ ಕುಳ್ಳಿನ ಕೆಂಡದ ಮೇಲೆ ಹಸಿ ಜೋಳದ ತೆನೆ ಸುಡುತ್ತಿದ್ದರು. ಸೀತನಿಯ ವಾಸನೆ ನಮ್ಮ ಕಡೆಯವರನ್ನು ಎಲ್ಲಿದ್ದರೂ ನಿಲ್ಲಿಸಿಬಿಡುತ್ತದೆ. ಹಾಲು ತುಂಬಿದ ಕಾಳು ಸುಟ್ಟ ವಾಸನೆ, ಅದರ ಹಿಂದೆ ಒಂದಿಷ್ಟು ಹೊಗೆ, ಒಂದಿಷ್ಟು ಸೆಗಣಿ. ಬೇರೆಯವರಿಗೆ ಅದು ತಿನ್ನುವ ವಾಸನೆ, ನನಗೆ ಚುನಾವಣೆಯ ವಾಸನೆ. ಅದು ಮೂಗಿಗೆ ಬಡಿದ ಕೂಡಲೇ ನನಗೆ ಮೊದಲು ಸಿಟ್ಟು ಬರುತ್ತದೆ. ಹಸಿವು ಆಮೇಲೆ.

ತಾಲ್ಲೂಕು ಪಂಚಾಯಿತಿಗೆ ಕೊನೆಯ ಸಲ ಚುನಾವಣೆ ನಡೆದದ್ದು ಇಂಥದೇ ಸೀತನಿ ಹಂಗಾಮಿನಲ್ಲಿ. ಅದಾದ ಮೇಲೆ ಎಷ್ಟೋ ಸೀತನಿ ಬಂದು ಹೋದವು, ಆ ಚುನಾವಣೆ ಮಾತ್ರ ಮತ್ತೆ ಬರಲಿಲ್ಲ. ಇವತ್ತು ನಾಳೆ ಎನ್ನುತ್ತಲೇ ಇದ್ದಾರೆ. ಆ ವರ್ಷ ನಮ್ಮ ಕ್ಷೇತ್ರ ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು, ಟಿಕೆಟ್ ನನ್ನ ಬಾಗಿಲಿಗೆ ಬಂದಿತ್ತು. ಬಂದ ದಾರಿಯಲ್ಲೇ ಅದು ಹೇಗೆ ತಿರುಗಿ ಹೋಯಿತು ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾಚಿಕೆಯಿಂದಲ್ಲ. ನಾಚಿಕೆ ಪಡಬೇಕಾದವರು ಬೇರೆ ಇದ್ದಾರೆ.

ನನ್ನ ಹೆಸರು ಮಹಾನಂದಾ. ಹುಟ್ಟಿದ್ದು ಆಳಂದ ತಾಲ್ಲೂಕಿನ ಹಿರೋಳ್ಳಿಯಲ್ಲಿ. ನಮ್ಮಪ್ಪನ ಹೊಲದ ಬದುವಿನ ಮೇಲೆ ನಿಂತು ಜೋರಾಗಿ ಮಾತಾಡಿದರೆ ಮಹಾರಾಷ್ಟ್ರಕ್ಕೆ ಕೇಳಿಸುತ್ತಿತ್ತು. ನನ್ನ ಗಟ್ಟಿ ದನಿ ಅಲ್ಲಿಯದು. ಕೊಟ್ಟಿದ್ದು ಅಫಜಲಪುರ ತಾಲ್ಲೂಕಿಗೆ, ಘತ್ತರಗಿಯಿಂದ ಭೀಮಾ ಹೊಳೆಗುಂಟ ಕೆಳಗೆ ಬಂದರೆ ಸಿಗುವ ಒಂದು ಸಣ್ಣ ಊರಿಗೆ. ತೊಗರಿ, ಬಿಳಿಜೋಳ, ಎರಡು ಎಮ್ಮೆ, ನನ್ನದೊಂದು ಹೊಲಿಗೆ ಮಿಷಿನು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ನಾವು ಹೆಣ್ಣುಮಕ್ಕಳು ಉಸುಕಿನಲ್ಲಿ ಮೊಣಕೈ ಆಳಕ್ಕೆ ಬಗೆದು ಒರತೆ ಮಾಡುತ್ತೇವೆ. ಸ್ವಲ್ಪ ಹೊತ್ತು ಕೂತರೆ ತಿಳಿನೀರು ಜಿನುಗಿ ತುಂಬುತ್ತದೆ. ಊರಿನ ಬೋರ್‌ವೆಲ್‌ಗಳದ್ದು ಸವಳು ನೀರು, ಬೇಳೆ ಬೇಯುವುದಿಲ್ಲ. ಒರತೆಯದು ಸಿಹಿ. ಮಾರ್ಚಿನಿಂದ ಮಳೆ ಬರುವವರೆಗೆ ನಮ್ಮ ಊರು ಬದುಕುವುದು ಆ ಉಸುಕಿನ ಹೊಟ್ಟೆಯಲ್ಲಿರುವ ನೀರಿನ ಮೇಲೆ.

ನನ್ನನ್ನು ಪಕ್ಷಕ್ಕೆ ಸೇರಿಸಿದವರು ಸಿದ್ರಾಮಪ್ಪ ಕಾಕಾ. ನಮ್ಮ ಮಾವನವರ ಗೆಳೆಯರು, ಪಕ್ಷದ ತಾಲ್ಲೂಕು ಅಧ್ಯಕ್ಷರು. ನಾನಾಗ ಹೊಸ ಸೊಸೆ. ಕಾಕಾ ಪಡಸಾಲೆಯಲ್ಲಿ ಕೂತು ಸದಸ್ಯರನ್ನು ಮಾಡಿಕೊಳ್ಳುತ್ತಿದ್ದರು. “ಹೆಣ್ಮಕ್ಕಳಿಗ್ಯಾಕ್ರಿ ಪಾರ್ಟಿ?” ಎಂದು ನಮ್ಮತ್ತೆ ಒಳಗಿನಿಂದಲೇ ಕೇಳಿದರು.

ಕಾಕಾ ನಗಲಿಲ್ಲ. “ಒಬ್ಬಾಕಿ ಹೋಗಿ ಸಾಹೇಬಗ ನೀರು ಕೇಳಿದ್ರ ಕುಂಡ್ರು ಅಂತ ಸೈತ ಅನ್ನಂಗಿಲ್ರಿ ಅಕ್ಕಾರ. ಅದೇ ಮಾತು ಊರೂರ ಮಂದಿ ಕೂಡಿ ಒಂದೇ ಬಾಯಿಲೆ ಕೇಳಿದ್ರ ಸಾಹೇಬ ಎದ್ದು ನಿಂದರ್ತಾನ. ಅದಕ್ಕ ಪಾರ್ಟಿ ಅಂತಾರ. ಮತ್ತೇನಿಲ್ಲ” ಎಂದರು.

ನನಗೆ ಆ ಮಾತು ನಾಟಿತು. ಹಾಲು ಮಾರಿದ ರೊಕ್ಕದಲ್ಲಿ ಸದಸ್ಯತ್ವದ ಫೀ ಕೊಟ್ಟೆ. ಅಲ್ಲಿಂದ ಮುಂದೆ ಪಕ್ಷದ ಕೆಲಸವೆಂದರೆ ನನಗೆ ಹಬ್ಬ. ತಾಲ್ಲೂಕಿನ ಬಾವುಟಗಳೆಲ್ಲ ನನ್ನ ಮಿಷಿನಿನ ಮೇಲೆಯೇ ಹೊಲಿದು ಹೋಗುತ್ತಿದ್ದವು. ಅಂಚಿಗೆ ನಾನು ಎರಡು ಸಲ ಹೊಲಿಗೆ ಹಾಕುತ್ತೇನೆ, ಗಾಳಿಗೆ ಹರಿಯಬಾರದೆಂದು. ಎಷ್ಟೋ ವರ್ಷ ಆದಮೇಲೂ ರಸ್ತೆಯಲ್ಲಿ ಹೋಗುವ ಜೀಪಿನ ಮೇಲೆ ಬಾವುಟ ಹಾರಿದರೆ ನನ್ನದು ಹೌದೋ ಅಲ್ಲವೋ ಎಂದು ಅಂಚು ನೋಡಿಯೇ ಹೇಳಬಲ್ಲೆ.

ಮೀಸಲಾತಿ ಪಟ್ಟಿ ಬಂದ ವಾರವೇ ಕಾಕಾ ಮನೆಗೆ ಬಂದರು. “ತಂಗಿ, ಟಿಕೆಟ್ ನಿನಗ ಅಂತ ಠರಾವ್ ಆಗ್ಯಾದ” ಎಂದರು. ನಮ್ಮನೆಯವರು ಕಡಿಮೆ ಮಾತಿನ ಮನುಷ್ಯ, ಅವರೂ ಎದ್ದು ಹೋಗಿ ಅಂಗಡಿಯಿಂದ ಪೇಢಾ ತಂದರು. ಪೇಢಾ ಬಾಯಲ್ಲಿ ಕರಗುವ ಮೊದಲೇ ಕಾಕಾ ಗಂಟಲು ಸರಿಮಾಡಿಕೊಂಡರು.

“ಖರ್ಚಿಂದೊಂದು ಮಾತದ ತಂಗಿ. ಜೀಪು, ಡೀಸೆಲ್, ಕಾರ್ಯಕರ್ತರ ಊಟ. ನಿನ್ನ ಕೈಲೆ ಆಗಂಗಿಲ್ಲ, ನನಗ ಗೊತ್ತದ. ನಮ್ಮ ಉಸುಕಿನ ಸಾವ್ಕಾರ್ರು ಎಲ್ಲಾ ನಾ ನೋಡ್ಕೋತೇನಿ ಅಂದಾರ. ನೀ ಸುಮ್ ಕೈ ಮುಗಕೋತ ತಿರಗಿದ್ರ ಸಾಕು.”

“ಅವರಿಗೇನು ಬೇಕಂತ್ರಿ ಕಾಕಾರ?”

“ಏನೂ ಬ್ಯಾಡಂತ. ಗೆದ್ದ ಮ್ಯಾಲೆ ನಿಮ್ಮೂರಿಂದ ಹೊಳಿತನಕ ಒಂದು ರಸ್ತಾ ಮಾಡಿಸಿದ್ರ ಆತಂತ. ರಸ್ತಾ ಮಾಡಸೋದು ಪುಣ್ಯದ ಕೆಲಸ ಅಲ್ಲೇನು?”

ಪುಣ್ಯದ ಕೆಲಸವೇ. ಆದರೆ ಸಾವ್ಕಾರರ ವ್ಯಾಪಾರ ಹೊಳೆಯ ಉಸುಕು ತೆಗೆದು ಮಾರುವುದು. ನನ್ನ ಸಣ್ಣ ತಂಗಿಯನ್ನು ಕೊಟ್ಟದ್ದು ಇದೇ ಭೀಮಾ ಹೊಳೆಯ ದಂಡೆಗೆ, ಕೆಳಗೆ ಜೇವರ್ಗಿ ತಾಲ್ಲೂಕಿನ ಊರಿಗೆ. ಹಿಂದಿನ ಬೇಸಿಗೆಯಲ್ಲಿ ಅವಳ ಬಾಣಂತನಕ್ಕೆ ಹೋಗಿದ್ದೆ. ಆ ಊರಿಗೂ ಮೊದಲು ರಸ್ತೆಯೇ ಬಂದಿತ್ತಂತೆ, ಕೆಂಪು ಮುರುಮು ಹಾಕಿದ ಚೆಂದದ ರಸ್ತೆ. ಊರವರು ಕಾಯಿ ಒಡೆದು ಕುಂಕುಮ ಹಚ್ಚಿದ್ದರಂತೆ. ಆಮೇಲೆ ಅದರ ಮೇಲೆ ಟಿಪ್ಪರ್ ಬಂದವು. ನಾನು ಹೋದಾಗ ಹೊಳೆಯಲ್ಲಿ ಉಸುಕೇ ಇರಲಿಲ್ಲ, ಕೆರೆದು ಕೆರೆದು ಕರಿ ಜೇಡಿ ಮತ್ತು ಬಂಡೆ ಉಳಿದಿತ್ತು. ಎಲ್ಲಿ ಬಗೆದರೂ ಒರತೆ ಇಲ್ಲ. ಹಸಿ ಬಾಣಂತಿಯ ಮನೆಗೆ ನೀರು ಬೇಕೆಂದು ನಾನೇ ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡಿದೆ, ಒಬ್ಬಳ ಕೂದಲು ಜಗ್ಗಿದೆ, ನನ್ನ ಕೂದಲನ್ನೂ ಜಗ್ಗಿಸಿಕೊಂಡೆ. ಹೊಳೆಯ ದಂಡೆಯ ಊರಿನಲ್ಲಿ ಟ್ಯಾಂಕರ್!

ಅದನ್ನೆಲ್ಲ ಕಾಕಾನಿಗೆ ಹೇಳಿದೆ. “ಸಾವ್ಕಾರ್ರ ರೊಕ್ಕ ಬ್ಯಾಡ” ಎಂದೆ. ಕಾಕಾ ಕೆಂಡವಾದರು.

“ಪಾರ್ಟಿ ಏನ್ ಗಾಳಿ ಕುಡದು ಬದಕ್ತದೇನು? ಆಫೀಸ್ ಬಾಡಗಿ ಯಾರು ಕೊಡಬೇಕು? ಮ್ಯಾಲಿನವರು ಬಂದ್ರ ಪೆಂಡಾಲ್ ಯಾರು ಹಾಕಸಬೇಕು? ಇಷ್ಟು ವರ್ಷ ನನ್ನ ಹೊಲ ಮಾರಿ ನಡಸೇನಿ. ಈಗ ಮಾರಾಕ ಏನೂ ಉಳದಿಲ್ಲ. ಯಾರ ಹತ್ರ ಹೋಗ್ಲಿ, ಹೇಳು!”

ಅವರು ಸುಳ್ಳು ಹೇಳಲಿಲ್ಲ. ಕಾಕಾ ಪಕ್ಷಕ್ಕಾಗಿ ಹೊಲ ಕಳೆದುಕೊಂಡದ್ದು ತಾಲ್ಲೂಕಿಗೆಲ್ಲ ಗೊತ್ತು. ಪಕ್ಷ ನಡೆಯಬೇಕು ಎಂದರೆ ಯಾರಾದರೂ ಖರ್ಚು ಹಾಕಲೇಬೇಕು, ಅದೂ ನಿಜ. ಆದರೆ ಯಾರ ಅನ್ನ ಉಣ್ಣುತ್ತದೋ ಪಕ್ಷ ಅವರ ಮಾತನ್ನೇ ಕೇಳುತ್ತದೆ ಎನ್ನುವುದೂ ನಿಜವಲ್ಲವೆ? “ಎಳ್ಳಮಾಸಿತನಕ ಟೈಮ್ ಕೊಡ್ರಿ” ಎಂದೆ. ಕಾಕಾ ಚಹಾ ಮುಟ್ಟದೆ ಎದ್ದು ಹೋದರು.

ಉತ್ತರ ಸಿಕ್ಕಿದ್ದು ಹೊಳೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ನಮ್ಮ ಓಣಿಯ ತಿಪ್ಪವ್ವ ಹಿರಿಯಳು, ಊರಿನಲ್ಲಿ ಯಾರಿಗೂ ಹೆದರದ ಬಾಯಿ. ನನ್ನ ಗೋಳೆಲ್ಲ ಕೇಳಿ ಸೀರೆ ಹಿಂಡುತ್ತ ಹೇಳಿದಳು. “ಇದಕ್ಯಾಕ ಅಳ್ತಿ ಬೇ? ನಿನ್ನ ಮಗಳ ಲಗ್ನದಾಗ ಊರ ಮಂದಿ ಆಯೇರಿ ಹಾಕಲಿಲ್ಲೇನು? ಖರ್ಚು ಒಬ್ಬರ ಮ್ಯಾಲೆ ಬೀಳಬಾರದಂತ ತಾನೆ ಹಾಕೋದು? ಇದಕ್ಕೂ ಹಾಕಸು.”

ನಮ್ಮ ಕಡೆ ಮದುವೆಯಲ್ಲಿ ಆಯೇರಿ ಮುಚ್ಚಿ ಕೊಡುವುದಿಲ್ಲ. ಲಕೋಟೆ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುವ ಪದ್ಧತಿ ಪಟ್ಟಣದವರದು. ನಮ್ಮಲ್ಲಿ ಅಕ್ಷತೆ ಬಿದ್ದ ಮೇಲೆ ಮೈಕ್ ಹಿಡಿದು ಕೂಗುತ್ತಾರೆ. ಯಾವ ಊರಿನ ಯಾರು, ಏನು ಕೊಟ್ಟರು, ಸೀರೆಯೋ ಪಾತ್ರೆಯೋ ನೂರಾ ಒಂದೋ, ಹಂದರದ ತುಂಬ ಕೇಳಿಸಬೇಕು. ಹಾಗೆ ಕೂಗಿಸಿಕೊಂಡದ್ದನ್ನು ಕೊಟ್ಟವರ ಮನೆಯ ಕಾರ್ಯಕ್ಕೆ ಮುಯ್ಯಿಯಾಗಿ ತೀರಿಸಲೇಬೇಕು. ತೀರಿಸದವನಿಗೆ ಊರಿನಲ್ಲಿ ಮುಖವಿಲ್ಲ. ಬಂದ ಆಯೇರಿಯನ್ನು ತಿರುಗಿಸಿ ಕೊಡುವುದಂತೂ ನಂಟಸ್ತನವನ್ನೇ ಕಡಿದ ಹಾಗೆ. ನನ್ನ ಆಯುಷ್ಯದಲ್ಲಿ ಯಾರೂ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ. ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಬುತ್ತಿ ಹೊತ್ತು ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಸಜ್ಜಿರೊಟ್ಟಿ ಭಜ್ಜಿ ಉಂಡು, ಸೀತನಿ ಸುಟ್ಟು ತಿಂದು ಸಂಜೆಗೆ ತಿರುಗುತ್ತೇವೆ. ಆ ದಿನ ಹೊಲಕ್ಕೆ ಬಂದ ಯಾರನ್ನೂ ಉಣ್ಣಿಸದೆ ಕಳಿಸುವಂತಿಲ್ಲ. ಆ ವರ್ಷ ನಮ್ಮ ಹೊಲದ ಬನ್ನಿ ಮರಕ್ಕೆ ಚೌಡಾಪುರದ ರಸೂಲನ ಬೋಂಗಾ, ಮೈಕಿನ ದೊಡ್ಡ ಕಹಳೆ, ಕಟ್ಟಿಸಿದೆ. ರಸೂಲ ಈ ಭಾಗದ ಮದುವೆಗಳಿಗೆಲ್ಲ ಮೈಕಿನವನು. ಆಯೇರಿ ಕೂಗುವುದೆಂದರೆ ಅವನೇ ಕೂಗಬೇಕು, ಹನ್ನೊಂದು ರೂಪಾಯಿಯನ್ನೂ ಅವನು ಆನೆಯ ಮೇಲೆ ಕೂರಿಸಿ ತರುತ್ತಾನೆ. ಬ್ಯಾಟರಿಗೆ ವೈರ್ ಸಿಕ್ಕಿಸುತ್ತ ಕೇಳಿದ, “ಅಕ್ಕಾ, ಕೂಗಾಕ ತಯಾರ್ ಇದ್ದೇನಿ. ಖರೇ ಇಲ್ಲಿ ಮದುಮಗ ಯಾರು, ಮದುಮಗಳು ಯಾರು?”

“ಮದುಮಗಳು ಪಾರ್ಟಿ. ಮದುಮಗ ಇನ್ನಾ ಸಿಕ್ಕಿಲ್ಲ. ನೀ ಕೂಗು” ಎಂದೆ.

ಕೂಗಿದ. ಮೊದಲು ತಿಪ್ಪವ್ವ ಎರಡು ಸೇರು ಜೋಳ ತಂದು ನನ್ನ ಮಡಿಲಿಗೆ ಸುರಿದಳು. ಆಮೇಲೆ ಸಾಲು ಹತ್ತಿತು. ಜೋಳ, ತೊಗರಿ, ಶೇಂಗಾ ಹಿಂಡಿ, ಟ್ರ್ಯಾಕ್ಟರಿನವನಿಂದ ಒಂದು ಕ್ಯಾನು ಡೀಸೆಲ್. ರೊಕ್ಕವಿಲ್ಲದ ಹುಡುಗಿಯೊಬ್ಬಳು ಮೂರು ದಿನ ಬಾವುಟ ಹಿಡಿದು ತಿರುಗುತ್ತೇನೆ ಎಂದಳು. ರಸೂಲ ಅದನ್ನೂ ಕೂಗಿದ. ನಮ್ಮ ವಿರೋಧ ಪಕ್ಷದ ಕಟ್ಟಾಳು, ಮೂಲೆಮನೆಯ ಬಸಣ್ಣ ಬಂದು ನೂರಾ ಒಂದು ಇಟ್ಟ. ಇಟ್ಟು ಮೈಕ್ ಕಸಿದುಕೊಂಡು, “ವೋಟು ಹಾಕಂಗಿಲ್ಲ ತಂಗಿ. ಖರ್ಚಿಗಿ ಮಾತ್ರ ಹಾಕೇನಿ. ಹೊಳಿ ಎಲ್ಲಾ ಪಾರ್ಟಿಗೂ ಬೇಕು” ಎಂದ. ನಕ್ಕು ನಕ್ಕು ಹೊಟ್ಟೆ ನೋವು ಬಂತು. ಕಾಕಾ ಸಹ ಬಂದಿದ್ದರು. ಬದುವಿನ ಮೇಲೆ ಕೂತು ಅನುಮಾನದಿಂದಲೇ ನೋಡುತ್ತಿದ್ದರು, ಆದರೆ ಅವರ ಮುಖದ ಗಂಟು ಒಂದೊಂದೇ ಬಿಚ್ಚುತ್ತಿತ್ತು.

ಅಷ್ಟರಲ್ಲಿ ತಿಪ್ಪವ್ವ ಎದ್ದು ನಿಂತು ಕೇಳಿದಳು. “ಆಯೇರಿ ಹಾಕಿದ್ದಾತು. ಮುಯ್ಯಿ ಏನು ಕೊಡ್ತಿ, ಅದನ್ನೂ ಮೈಕಿನ್ಯಾಗ ಹೇಳು.”

“ಒರ್ತಿ ನೀರು ಯವ್ವಾ. ನಮ್ಮ ಹೊಳಿ ಉಸುಕು ಇದ್ದಲ್ಲೇ ಇರ್ತದ. ನಾ ಗೆದ್ರೂ ಇರ್ತದ, ಸೋತ್ರೂ ಇರ್ತದ” ಎಂದೆ. ಸೋತರೂ ಎನ್ನುವ ಮಾತು ಹುರುಪಿನಲ್ಲಿ ಬಂದದ್ದು. ಬೋಂಗಾ ಅದನ್ನು ಹೊಳೆಯ ಆಚೆ ದಂಡೆಗೂ ಕೇಳಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಬಿಳಿ ಜೀಪು ಬಂತು. ಉಸುಕಿನ ಸಾವ್ಕಾರರು. ಎಳ್ಳಮಾಸಿಯ ದಿನ ಬಂದವರು ಅತಿಥಿಗಳು, ಬರ್ರಿ ಕೂಡ್ರಿ ಎಂದೆವು. ಬನ್ನಿ ಮರದ ಕೆಳಗೆ ಚಾಪೆಯ ಮೇಲೆ ಕೂತು ರೊಟ್ಟಿ ಭಜ್ಜಿ ಉಂಡರು, ಸೀತನಿಗೆ ಬೆಲ್ಲ ಕೇಳಿ ಹಾಕಿಸಿಕೊಂಡರು, ನಮ್ಮತ್ತೆಯ ಕೈಯನ್ನು ಹೊಗಳಿದರು. ಕೈ ತೊಳೆದುಕೊಂಡು ಡ್ರೈವರನತ್ತ ನೋಡಿದರು. ಅವನೊಂದು ತಟ್ಟೆ ತಂದ. ತಟ್ಟೆಯಲ್ಲಿ ಇಳಕಲ್ ಸೀರೆ, ತೆಂಗಿನಕಾಯಿ, ಟವೆಲ್ಲಿನಲ್ಲಿ ಕಟ್ಟಿದ ಗಂಟು. ರಸೂಲನ ಕಿವಿಯಲ್ಲಿ ಏನೋ ಹೇಳಿದ.

ರಸೂಲನಿಗೆ ಬಾಯಿ ಕಟ್ಟಿಕೊಂಡು ಅಭ್ಯಾಸವೇ ಇಲ್ಲ. “ಸಾವ್ಕಾರ್ರಿಂದ ಇಳಕಲ್ ಸೀರಿ ಒಂದು! ರೊಕ್ಕ ಒಂದು ಲಕ್ಷದ ಒಂದು ರೂಪಾಯಿ! ಅವರ ಮನಿ ಕಾರ್ಯಕ್ಕ ಮುಯ್ಯಿ ತೀರಿಸೋ ಭಾಗ್ಯ ನಮ್ಮದಾಗ್ಲಿ!” ಎಂದು ಮದುವೆಯಲ್ಲಿ ಹೇಳುವ ಹಾಗೆಯೇ ಕೂಗಿಬಿಟ್ಟ. ಕೂಗಿದ ಮೇಲೆ ನನ್ನ ಮುಖ ನೋಡಿ ಮೈಕ್ ಕೆಳಗಿಳಿಸಿದ.

ಅಲ್ಲೊಬ್ಬ ಇಲ್ಲೊಬ್ಬ ಚಪ್ಪಾಳೆ ತಟ್ಟಿದ. ನನಗೆ ಸಾವ್ಕಾರರ ಆಟ ಅರ್ಥವಾಯಿತು. ಲಕೋಟೆಯಲ್ಲಿ ಕೊಟ್ಟಿದ್ದರೆ ಬೇಡ ಎನ್ನಬಹುದಿತ್ತು, ನಾಲ್ಕು ಮಂದಿಯ ಎದುರು ಆಯೇರಿ ಎಂದು ಹಾಕಿದ್ದನ್ನು ಹೇಗೆ ಬೇಡ ಎನ್ನುವುದು? ನಮ್ಮ ಹಗ್ಗದಿಂದಲೇ ನಮ್ಮ ಕೈ ಕಟ್ಟಿದ್ದರು. ಕಾಕಾನ ಕಡೆ ನೋಡಿದೆ. ಎಲ್ಲ ತಾನಾಗಿಯೇ ಸರಿಹೋಯಿತು ಎನ್ನುವಂತೆ ಅವರ ಮುಖ ಅರಳಿತ್ತು. ನಮ್ಮನೆಯವರು ಎದ್ದು ಬಂದರು. ಮಡಿಲಲ್ಲಿದ್ದ ಜೋಳವನ್ನು ನನ್ನಿಂದ ಇಸಿದುಕೊಂಡು ತಮ್ಮ ಧೋತರದ ಉಡಿಯಲ್ಲಿ ಹಾಕಿಕೊಂಡರು, ನನ್ನ ಕೈ ಖಾಲಿಯಾಗಲಿ ಎಂದು.

ನಾನು ಮೈಕ್ ತೆಗೆದುಕೊಂಡೆ.

“ಸಾವ್ಕಾರ್ರು ನಮ್ಮ ಹೊಲಕ್ಕ ಬಂದಾರ, ಉಂಡಾರ. ಉಂಡದ್ದಕ್ಕ ಮುಯ್ಯಿ ಬ್ಯಾಡ್ರಿ. ಈ ಆಯೇರಿ ಮಾತ್ರ ಹೊಳ್ಳಿ ಕೊಡಾಕತ್ತೇನಿ. ಇದರ ಮುಯ್ಯಿ ತೀರಸಾಕ ನಾ ಹೊಳಿನೇ ಕೊಡಬೇಕಾಗ್ತದ. ಹೊಳಿ ನಂದಲ್ಲ.”

ತಟ್ಟೆಯನ್ನು ಎತ್ತಿ ಅವರ ಮುಂದೆ ಇಟ್ಟೆ. ಸಾವ್ಕಾರರು ಸಿಟ್ಟಾಗಲಿಲ್ಲ. ನಿಧಾನಕ್ಕೆ ಹಲ್ಲು ಕಡ್ಡಿಯಿಂದ ಚುಚ್ಚಿಕೊಳ್ಳುತ್ತ ಕೇಳಿದರು. “ತಂಗಿ, ನಿನಗೆಲ್ಲಿ ಕೊಟ್ಟೇನಿ? ಪಾರ್ಟಿಗಿ ಕೊಟ್ಟೇನಿ. ಹೊಳ್ಳಿ ಕೊಡಾಕ ನೀ ಯಾರು?”

“ಪಾರ್ಟಿ ಮೆಂಬರ್ ಇದ್ದೇನ್ರಿ” ಎಂದೆ.

ಅವರು ಜೋರಾಗಿ ನಕ್ಕರು. ಅಂಥ ಉತ್ತರವನ್ನು ಅವರು ಅದುವರೆಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ಡ್ರೈವರ ತಟ್ಟೆ ಎತ್ತಿಕೊಂಡ, ಜೀಪು ತೊಗರಿ ಕಟ್ಟಿಗೆಯನ್ನು ತುಳಿದುಕೊಂಡು ಹೋಯಿತು. ಕಾಕಾ ನನ್ನ ಕಡೆ ನೋಡದೆ ಅದರ ಹಿಂದೆಯೇ ನಡೆದು ಹೋದರು.

ಸಂಕ್ರಾಂತಿ ಕಳೆಯುವುದರೊಳಗೆ ಟಿಕೆಟ್ ಸಾವ್ಕಾರರ ಮುನೀಮನ ಹೆಂಡತಿಗೆ ಹೋಯಿತು. ಆಕೆ ಪಕ್ಷದ ಬಾವುಟ ಕಂಡಿದ್ದು ಆವತ್ತೇ ಇರಬೇಕು. ಮಂದಿ ನನಗೆ ಪಕ್ಷೇತರ ನಿಲ್ಲು ಎಂದರು. ರಸೂಲ ಮೈಕ್ ಪುಕ್ಕಟೆ ಎಂದ. ನಾನು ಒಪ್ಪಲಿಲ್ಲ. ಮನೆಯೊಳಗೆ ಕತ್ತೆ ಹೊಕ್ಕರೆ ಕತ್ತೆಯನ್ನು ಹೊರಗೆ ಅಟ್ಟಬೇಕು, ಮನೆಯನ್ನು ಅದಕ್ಕೆ ಬಿಟ್ಟು ಬೀದಿಗೆ ಹೋಗುತ್ತಾರೆಯೆ? ಬಾವುಟ ಹೊಲಿದವಳು ನಾನು, ಹಾಲಿನ ರೊಕ್ಕದಲ್ಲಿ ಫೀ ಕಟ್ಟಿದವಳು ನಾನು. ಪಕ್ಷ ಬಿಡಬೇಕಾದವಳು ನಾನು ಹೇಗಾಗುತ್ತೇನೆ?

ಆಕೆ ಗೆದ್ದಳು. ನನ್ನ ಮತ ಯಾರಿಗೆ ಬಿತ್ತು ಎನ್ನುವುದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಗುಪ್ತವಾಗಿರಬೇಕಾದದ್ದು ಅದೊಂದೇ. ನಮ್ಮಲ್ಲಿ ಎಲ್ಲ ಉಲ್ಟಾ. ಬಡವರ ಮತ ಯಾರಿಗೆ ಬಿತ್ತೆಂದು ಓಣಿ ಓಣಿಗೆ ಹುಡುಕುತ್ತಾರೆ, ಸಾವ್ಕಾರರ ರೊಕ್ಕ ಯಾರಿಗೆ ಹೋಯಿತೆಂದು ಕೇಳಿದರೆ ಬಾಯಿಗೆ ಬೀಗ. ಈ ಮಾತು ನೆನಪಾದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಗೆಲ್ಲಲಿಲ್ಲ, ನಿಲ್ಲಲೂ ಇಲ್ಲ, ಅಂದಮೇಲೆ ಆಯೇರಿ ಇಟ್ಟುಕೊಳ್ಳುವುದು ಹೇಗೆ ಎಂದು ಜೋಳದ ಚೀಲ ಹೊರಗೆ ತೆಗೆದೆ. ತಿಪ್ಪವ್ವ ಹೊಸ್ತಿಲಲ್ಲೇ ತಡೆದಳು. “ಆಯೇರಿ ಹೊಳ್ಳಿ ಕೊಟ್ರ ನಂಟಸ್ತನ ಹರದಂಗ. ಸಾವ್ಕಾರಗ ಹೊಳ್ಳಿ ಕೊಟ್ಟಿ, ಛಲೋ ಆತು. ನಾವೂ ಅವನಂಗೇ ಏನ್ ಬೇ? ಇಡು ಒಳಗ. ಸೋತ್ರೂ ಮುಯ್ಯಿ ಕೊಡ್ತೇನಿ ಅಂದೀದಿ. ಬೋಂಗಾದಾಗ ಅಂದೀದಿ.”

ಏಪ್ರಿಲ್ ಹೊತ್ತಿಗೆ ರಸ್ತೆ ಬಂತು. ಕೆಂಪು ಮುರುಮು, ಥೇಟ್ ಜೇವರ್ಗಿಯ ತಂಗಿಯ ಊರಿನಂತೆ. ಊರ ದನ ಮೇಯುವ ಗಾಯರಾಣ ಸೀಳಿಕೊಂಡು ಹೊಳೆಗೆ ಇಳಿದಿತ್ತು. ಯಾರೂ ಕಾಯಿ ಒಡೆಯಲಿಲ್ಲ. ಒಂದು ಮುಂಜಾನೆ ಒರತೆಗೆ ಹೋದವರು ಓಡಿ ಬಂದು ಟಿಪ್ಪರ್ ಬರಾಕತ್ತಾವ ಎಂದರು. ತಿಪ್ಪವ್ವ ನನ್ನ ಬಾಗಿಲಿಗೆ ಬಂದು ಒಂದೇ ಮಾತು ಹೇಳಿದಳು. “ಮುಯ್ಯಿ.”

ಹೋಗಿ ರಸ್ತೆಯ ನಡುವೆ ಕೂತೆವು. ಕೊಡ, ಕೂಸು, ಬುಟ್ಟಿ ಎಲ್ಲದರ ಸಮೇತ. ಮಧ್ಯದಲ್ಲಿ ಒಂದು ಕೋಲು ನೆಟ್ಟು ನನ್ನ ಪಕ್ಷದ ಬಾವುಟ ಕಟ್ಟಿದೆ. ಮನೆಯಲ್ಲಿದ್ದ ಆಯೇರಿ ಜೋಳ ಬೀಸಿಸಿ ಅಲ್ಲೇ ಮೂರು ಕಲ್ಲು ಹೂಡಿ ರೊಟ್ಟಿ ಬಡಿದೆವು. ಬಸಣ್ಣ ತನ್ನ ಪಕ್ಷದ ಬಾವುಟ ತರಲೇ ಎಂದ. ತಾ ಎಂದೆ. ಅವನಿಗೆ ಸಿಗಲಿಲ್ಲ, ಬಂದು ಬರಿಗೈಲಿ ಕೂತ.

ಮುಂದಿನ ಟಿಪ್ಪರ್ ನಮ್ಮಿಂದ ಸ್ವಲ್ಪ ದೂರದಲ್ಲಿ ನಿಂತಿತು. ಅದರ ಮೂತಿಯ ಮೇಲೂ ಒಂದು ಬಾವುಟ. ನಮ್ಮದೇ ಪಕ್ಷದ್ದು. ಗಾಳಿಗೆ ಅಂಚು ಮಗುಚಿದಾಗ ನೋಡಿದೆ, ಎರಡು ಸಲ ಹೊಲಿಗೆ. ನನ್ನ ಕೈಯದೇ. ಆ ಹೊತ್ತಿನಲ್ಲಿ ಮಾತ್ರ ನನಗೆ ಅಳು ಬಂತು.

ಬಿಸಿಲು ನೆತ್ತಿಗೆ ಬಂದಾಗ ಕಾಕಾ ಬಂದರು. ಸಾವ್ಕಾರರೇ ಕಳಿಸಿದ್ದರು. ಎಳ್ಳಮಾಸಿಯಾದ ಮೇಲೆ ನಾವಿಬ್ಬರೂ ಮುಖ ನೋಡಿದ್ದು ಆವತ್ತೇ. “ಏಳು ತಂಗಿ. ಪಾರ್ಟಿ ಮರ್ಯಾದಿ ಹೋಗಾಕತ್ತದ” ಎಂದರು.

“ಯಾವ ಪಾರ್ಟಿದ್ರಿ ಕಾಕಾರ? ಅಲ್ಲೂ ಝಂಡಾ ಅದ, ಇಲ್ಲೂ ಝಂಡಾ ಅದ. ಎರಡೂ ನಾನೇ ಹೊಲದದ್ದು. ಊರೂರ ಮಂದಿ ಕೂಡಿ ಒಂದೇ ಬಾಯಿಲೆ ಕೇಳೋದಕ್ಕ ಪಾರ್ಟಿ ಅಂತಾರ ಅಂತ ಹೇಳಿಕೊಟ್ಟವರು ನೀವು. ಮಂದಿ ಎಲ್ಲಿ ಕುಂತಾರ, ನೀವೇ ನೋಡಿ ಹೇಳ್ರಿ.”

ಕಾಕಾ ಕೂತ ಮಂದಿಯ ಕಡೆ ನೋಡಿದರು. ಬೆವರು ಕಿವಿಯ ಪಕ್ಕ ಇಳಿಯುತ್ತಿತ್ತು. ತಿಪ್ಪವ್ವ ತನ್ನ ಕೊಡದಿಂದ ತಂಬಿಗೆಗೆ ನೀರು ಬಗ್ಗಿಸಿ ಕೊಟ್ಟಳು. ಆ ಮುಂಜಾನೆ ತುಂಬಿದ ಒರತೆ ನೀರು. ಎತ್ತಿದ ತಂಬಿಗೆ ಇಳಿಸದೆ ಕುಡಿದರು. ಕುಡಿದು ಬಾಯಿ ಒರೆಸಿಕೊಂಡು, ತಿರುಗಿ ಟಿಪ್ಪರಿನ ಹತ್ತಿರ ನಡೆದರು. ಬಾವುಟದ ದಾರ ಬಿಚ್ಚಿದರು, ಮಡಚಿ ಹೆಗಲಿನ ಟವೆಲ್ಲಿನೊಳಗೆ ಇಟ್ಟುಕೊಂಡರು.

“ಗಾಡಿ ಹೊಳ್ಳಸು” ಎಂದರು ಡ್ರೈವರನಿಗೆ.

“ಸಾವ್ಕಾರ್ರಿಗೆ ಏನ್ ಹೇಳ್ಲಿರಿ?”

“ಅಧ್ಯಕ್ಷ ಝಂಡಾ ಇಳಿಸ್ಯಾನ ಅಂತ ಹೇಳು.”

ಆಮೇಲೆ ಬಂದು ನಮ್ಮ ಜೊತೆ ನೆಲದ ಮೇಲೆ ಕೂತರು, ರೊಟ್ಟಿ ಕೇಳಿ ಉಂಡರು. ಟಿಪ್ಪರ್‌ಗಳು ಅದಾದ ಮೇಲೂ ಬಂದವು, ನಾವೂ ಮತ್ತೆ ಮತ್ತೆ ಕೂತೆವು. ಆದರೆ ಬಾವುಟ ಇಳಿದ ಟಿಪ್ಪರ್ ಎಂದರೆ ಬರೀ ಟಿಪ್ಪರ್. ಅದುವರೆಗೆ ಕಣ್ಣು ಮುಚ್ಚಿಕೊಂಡಿದ್ದ ಅಧಿಕಾರಿಗಳಿಗೂ ಪರವಾನಗಿ ತೋರಿಸು ಎಂದು ಕೇಳುವ ಧೈರ್ಯ ಬಂತು. ಪರವಾನಗಿ ಬೇರೆ ಜಾಗದ್ದಾಗಿತ್ತು. ಮಳೆಗಾಲದೊಳಗೆ ಅವು ನಮ್ಮ ರಸ್ತೆ ಬಿಟ್ಟು ಮೇಲಿನ ಕಡೆ ಹೋದವು. ಹೊಳೆಯೆಲ್ಲ ಉಳಿಸಿದೆವು ಎಂದು ಎದೆ ತಟ್ಟಿಕೊಳ್ಳುವುದಿಲ್ಲ. ಮೇಲಿನ ಊರವರ ಉಸುಕು ಹೋಯಿತು, ಆ ಸಂಕಟ ಇವತ್ತಿಗೂ ಇದೆ. ನಮ್ಮ ಊರಿನ ಮುಂದಿನ ಉಸುಕು ಇದ್ದಲ್ಲೇ ಇದೆ, ಈ ಬೇಸಿಗೆಯಲ್ಲೂ ಒರತೆ ಬಗೆದಿದ್ದೇವೆ.

ಕಾಕಾನ ಅಧ್ಯಕ್ಷಗಿರಿ ಅದೇ ಮಳೆಗಾಲ ಹೋಯಿತು. ಈಗ ಪ್ರತಿ ಎಳ್ಳಮಾಸಿಗೆ ನಮ್ಮ ಹೊಲಕ್ಕೆ ಬಂದು, ಸೀತನಿ ತಿಂದು, ಹಲ್ಲಿಲ್ಲದ ಬಾಯಲ್ಲಿ ಎಲ್ಲ ಪಕ್ಷಗಳನ್ನೂ ಬೈದು ಹೋಗುತ್ತಾರೆ, ನಮ್ಮದನ್ನು ಸ್ವಲ್ಪ ಹೆಚ್ಚಾಗಿಯೇ. ನಾನು ಇನ್ನೂ ಮೆಂಬರೇ. ವರ್ಷ ವರ್ಷ ತಾಲ್ಲೂಕು ಆಫೀಸಿಗೆ ಹೋಗಿ ಎಲ್ಲರ ಎದುರು ನನ್ನ ಫೀ ಇಡುತ್ತೇನೆ. “ನಾ ಇಷ್ಟು ಕೊಟ್ಟೇನ್ರಿ. ಉಳಿದವರು ಯಾರು ಯಾರು ಎಷ್ಟು ಕೊಟ್ಟಾರ, ಜರ ಕೂಗ್ರಿ” ಎನ್ನುತ್ತೇನೆ. ಅವರು ಚಹಾ ತರಿಸುತ್ತಾರೆ. ಚಹಾ ಕುಡಿಯುತ್ತೇನೆ, ಮತ್ತೆ ಕೇಳುತ್ತೇನೆ. ನನ್ನನ್ನು ಕಂಡರೆ ಅವರಿಗೆ ಆಗದು, ಉಚ್ಚಾಟನೆ ಮಾಡಲು ಕಾರಣವೂ ಸಿಗದು. ಫೀ ಕಟ್ಟಿ ಲೆಕ್ಕ ಕೇಳಿದಳು ಎಂದು ನೋಟಿಸು ಬರೆಯುವುದು ಹೇಗೆ?

ಮೊನ್ನೆ ಚೌಡಾಪುರದ ಕ್ರಾಸಿನಲ್ಲಿ ಆ ವಾಸನೆಗೆ ನಿಂತಾಗಲೇ ಫೋನು ಬಂತು. ಈಗಿನ ತಾಲ್ಲೂಕು ಅಧ್ಯಕ್ಷ. ವಯಸ್ಸಿನಲ್ಲಿ ಸಣ್ಣವನು, ಮಾತಿನಲ್ಲಿ ಬೆಣ್ಣೆ.

“ಅಕ್ಕಾರ, ಈ ಸಲ ಎಲೆಕ್ಷನ್ ಆಗೋದು ಖರೇ ಕಾಣ್ತದ್ರಿ. ಟಿಕೆಟ್ ನಿಮಗೇ ಅಂತ ಮ್ಯಾಲಿನವರು ಅಂದಾರ. ಖರ್ಚಿಂದು ಚಿಂತಿ ಬಿಡ್ರಿ, ಎಲ್ಲಾ ನಾವು ನೋಡ್ಕೋತೇವಿ.”

“ನಾವು ಅಂದ್ರ ಯಾರಪಾ?”

“ಪಾರ್ಟಿರೀ.”

“ಪಾರ್ಟಿಗಿ ಯಾರು ಕೊಡ್ತಾರ?”

ಅವನು ನಕ್ಕ. ನಗು ಮುಗಿಯುವವರೆಗೆ ಕಾಯ್ದೆ.

“ಎಳ್ಳಮಾಸಿಗೆ ನಮ್ಮ ಹೊಲಕ್ಕ ಬಾರಪಾ. ಯಾರು ಕೊಡ್ತಾರೋ ಅವರನ್ನೂ ಕರಕೊಂಡು ಬಾ. ಹೊಟ್ಟಿ ತುಂಬ ಉಣಸ್ತೇನಿ. ಹೆಸರು, ರೊಕ್ಕ, ಮುಯ್ಯಿ ಏನು ಬೇಕು, ಮೂರೂ ಮೈಕಿನ್ಯಾಗ ಕೂಗಸೋಣು. ಆಮ್ಯಾಲೆ ಟಿಕೆಟ್ ಮಾತಾಡೋಣು.”

“ಅಕ್ಕಾರ, ನೆಟ್‌ವರ್ಕ್ ಬರವಲ್ದು ನೋಡ್ರಿ...” ಎಂದು ಫೋನಿಟ್ಟ. ಟವರ್ ರಸ್ತೆಯ ಆಚೆ, ನನ್ನ ಕಣ್ಣೆದುರಿಗೇ ನಿಂತಿತ್ತು.

ಬಸ್ಸು ಬಂತು, ಹೋಗಲು ಬಿಟ್ಟೆ. ಹೊಲಕ್ಕಿಳಿದು, ಒಂದು ಹಿಡಿ ಸೀತನಿ ಕೊಡ್ರವ್ವಾ ಎಂದು ಕೇಳಿ ಬಾಯಿಗೆ ಹಾಕಿಕೊಂಡೆ. ಬಿಸಿಯಿತ್ತು. ತಿನ್ನುತ್ತಲೇ ರಸೂಲನಿಗೆ ಫೋನು ಹಚ್ಚಿದೆ. ಅವನಿಗೂ ಈಗ ವಯಸ್ಸಾಗಿದೆ, ದನಿ ಮಾತ್ರ ಹಾಗೇ ಇದೆ.

“ರಸೂಲಾ, ಎಳ್ಳಮಾಸಿಗೆ ಬ್ಯಾಟರಿ ಚಾರ್ಜ್ ಮಾಡಿಡು. ಈ ಸಲ ಎರಡು ಬೋಂಗಾ ತಾ.”